ಬ್ರೇಕಿಗೆ ಒಂದು ತೊಟ್ಟು ಎಣ್ಣೆ

ನಮ್ಮತ್ತೆ ಬಾಣಂತಿಯರ ನರ್ಸು. ಹೆರಿಗೆಯಾದವರ ಮನೆಗೇ ಹೋಗಿ ಕೂಸಿನ ತೂಕ ನೋಡುವುದು, ಹೊಕ್ಕುಳು ಒಣಗಿದೆಯೇ ನೋಡುವುದು, ತಾಯಿ ಅಳುತ್ತಿದ್ದರೆ ಸ್ವಲ್ಪ ಹೊತ್ತು ಕೂತು ಬರುವುದು ಅವರ ಕೆಲಸ. ಅವರ ಪಾಲಿಗೆ ಬಂದದ್ದು ಗುಡ್ಡದ ಮೇಲಿನ ಮನೆಗಳು. ಜಲ್ಲಿ ಎದ್ದ ದಾರಿ. ಈ ವರ್ಷ ಅವರ ಮಂಡಿ ಕೈಕೊಟ್ಟಿತು. "ಹತ್ತೋಕಾಗದಿದ್ರೆ ಔಷಧಿ ಕೊಡೋ ಕಿಟಕೀಲಿ ಕೂತ್ಕೊಳ್ಳಿ" ಎಂದರು ಆಸ್ಪತ್ರೆಯವರು. ಅತ್ತೆಗೆ ಊಟವೇ ಸೇರಲಿಲ್ಲ. ಆಮೇಲೊಂದು ದಿನ ಮಗನನ್ನು, ಅಂದರೆ ನಮ್ಮ ಯಜಮಾನರನ್ನು, ಎಳೆದುಕೊಂಡು ಹೋಗಿ ಬೆಟ್ಟ ಹತ್ತುವ ಬ್ಯಾಟರಿ ಸೈಕಲ್ಲು ತಂದುಬಿಟ್ಟರು.

ನಡುಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಇವರು ಹ್ಯಾಂಡಲ್ಲು, ಪೆಡಲ್ಲು ಕೂಡಿಸಿದರು. ಮಂಡಿ ಹೆಚ್ಚು ಮಡಚದಂತೆ ಸೀಟು ಎತ್ತರಿಸಿದರು.

"ಅಮ್ಮ, ಮುಂದಿನ ಶಾಕ್ ಅಬ್ಸಾರ್ಬರಿಗೆ ಕೂರೋರ ತೂಕ ನೋಡಿ ಗಾಳಿ ತುಂಬಬೇಕು. ನಿನ್ನ ತೂಕ ಎಷ್ಟು?"

"ನಿಮ್ಮಪ್ಪಂಗೇ ಹೇಳಿಲ್ಲ, ನಿನಗೆ ಹೇಳ್ತೀನಾ?"

"ಊರ ಮಕ್ಕಳನ್ನೆಲ್ಲ ತೂಗ್ತೀಯ, ನಿಂದು ಮಾತ್ರ ಗುಟ್ಟಾ?"

ಕೊನೆಗೆ ನನ್ನ ಕಿವಿಯಲ್ಲಿ ಹೇಳಿದರು. ನಾನು ಅದಕ್ಕೆ ಅವರ ಚೀಲದ ಭಾರವನ್ನೂ ಸೇರಿಸಿ ಇವರಿಗೆ ಹೇಳಿದೆ. ಇವರು ಹುಬ್ಬೇರಿಸಿದ್ದೇ ತಡ, "ಚೀಲದ್ದೂ ಸೇರಿದೆ ಕಣೋ!" ಎಂದು ಅತ್ತೆ ರೇಗಿದರು.

ಅಂದಿನಿಂದ ಮನೆಗೆ ಇನ್ನೊಂದು ಕೂಸು ಬಂದಂತಾಯಿತು. ಅತ್ತೆ ಸಂಜೆ ಬಂದವರೇ ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಬ್ಯಾಟರಿ ಬಿಚ್ಚಿ ಒಳಗೆ ತಂದು ಚಾರ್ಜಿಗೆ ಹಾಕುವರು. "ಇದರ ಹೊಟ್ಟೆ ತುಂಬಲಿ, ಆಮೇಲೆ ನಮ್ಮದು" ಎನ್ನುವರು.

ಹೋದ ವಾರ ಅತ್ತೆ ಸೈಕಲ್ಲು ತಳ್ಳಿಕೊಂಡು ಕುಂಟುತ್ತಾ ಬಂದರು. ಮೊಣಕೈ ತರಚಿತ್ತು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಪೊದೆಗೆ ನುಗ್ಗಿದ್ದರು.

"ಸಾಕಮ್ಮ. ಇನ್ನು ಕಿಟಕೀಲೇ ಕೂತ್ಕೊ" ಎಂದ ಇವರು ಚಕ್ರ ತಿರುಗಿಸಿ ನೋಡಿ, ಅದರ ನಡುವಿನ ಬ್ರೇಕಿನ ತಟ್ಟೆ ಮುಟ್ಟಿ, ಬೆರಳು ಮೂಸಿದರು. "ಇಲ್ಲಿಗೆ ಎಣ್ಣೆ ಹಾಕಿದ್ದು ಯಾರು?"

ಅತ್ತೆ ತಲೆ ತಗ್ಗಿಸಿದರು. "ಒಂದೇ ಒಂದು ತೊಟ್ಟು ಕಣೋ. ಕೀಚ್ ಅಂತ ಕಿರುಚ್ತಿತ್ತು. ಬಾಗಿಲ ಹತ್ರ ನಿಲ್ಲಿಸಿದ್ರೆ ಸಾಕು, ಆಗತಾನೆ ಮಲಗಿದ ಕೂಸು ಎದ್ದುಬಿಡೋದು. ಪಾಪ, ಆ ತಾಯಂದಿರಿಗೆ ಕಣ್ಣು ಮುಚ್ಚೋಕೆ ಸಿಗೋದೇ ಅಷ್ಟು ಹೊತ್ತು."

ನನ್ನ ಹೆಗಲ ಮೇಲೆ ನಮ್ಮ ಹಸುಗೂಸು ಪುಟ್ಟಿ ಆಗಷ್ಟೇ ನಿದ್ದೆ ಹೋಗಿದ್ದಳು. ದನಿ ತಗ್ಗಿಸಿ, "ಅತ್ತೆ ಕಿಟಕೀಲಿ ಕೂತ್ರೆ ಮೇಲಿನವರನ್ನ ಯಾರು ನೋಡ್ತಾರ್ರೀ? ಬ್ರೇಕು ಸರಿಮಾಡಿ" ಎಂದೆ.

ಇವರು ಗೊಣಗುತ್ತಲೇ ಅತ್ತೆಯ ಚೀಲದ ಸ್ಪಿರಿಟ್ಟಿನಿಂದಲೇ ತಟ್ಟೆ ಒರೆಸಿದರು. ತಟ್ಟೆಯನ್ನು ಒತ್ತಿ ಹಿಡಿಯುವ, ಎಣ್ಣೆ ಕುಡಿದ ಪ್ಯಾಡು ಬಿಸಾಡಿ ಹೊಸದು ಹಾಕಿದರು. ಹತ್ತಾರು ಸಲ ಬ್ರೇಕು ಹಿಡಿದರೇ ಹೊಸ ಪ್ಯಾಡು ಪಳಗುವುದು! ಭಾನುವಾರ ಬೆಳಗ್ಗೆಯೆಲ್ಲ ಬೀದಿಯಲ್ಲಿ, "ಓಡಿಸು! ಹಿಡಿ! ಬಿಡು!" ಎಂದು ಮಗ ಕೂಗುವುದು, "ನಿನಗೆ ನಡೆಯೋಕೆ ಕಲಿಸಿದ್ದು ನಾನು ಕಣೋ!" ಎಂದು ಅಮ್ಮ ತಿರುಗಿ ಕೂಗುವುದು. ಕಡೆಗೆ ಅತ್ತೆ ಬ್ರೇಕು ಹಿಡಿದಲ್ಲೇ ಸೈಕಲ್ಲು ಗಕ್ಕನೆ ನಿಂತಿತು. ಇವರು ಮತ್ತೆ ಕಿಟಕಿಯ ಮಾತೆತ್ತಲಿಲ್ಲ.

ತಟ್ಟೆ ಒದ್ದೆಯಾದರೆ ಈಗಲೂ ಕಿರುಚುತ್ತದೆ. ಅತ್ತೆ ಬಾಣಂತಿ ಮನೆ ಕಾಣುತ್ತಲೇ ಇಳಿದು, ತಳ್ಳಿಕೊಂಡು ಹೋಗುತ್ತಾರಂತೆ.

ಇವತ್ತು ಅವರು ಬಂದದ್ದು ನನಗೂ ಗೊತ್ತಾಗಲಿಲ್ಲ. ಪುಟ್ಟಿಯ ಪಕ್ಕ ಒಂದು ಜೊಂಪು ತೆಗೆದು ಎದ್ದು ನೋಡಿದರೆ ಬ್ಯಾಟರಿ ಆಗಲೇ ಚಾರ್ಜಿನಲ್ಲಿತ್ತು.