ಹೊಸ್ತಿಲಲ್ಲಿ ಒಂದು ಗಳಿಗೆ

ನಮ್ಮದು ಮೂರು ತಲೆಮಾರಿನ ಸಿನಿಮಾ ಮನೆತನ ಎಂದರೆ ಜನ ಬಂಗಲೆ ಊಹಿಸಿಕೊಳ್ಳುತ್ತಾರೆ. ಸಕಲೇಶಪುರದ ಕೆಳಗೆ ದೋಣಿಗಲ್‌ನಲ್ಲಿ ಮೂರು ಕೋಣೆಯ ಹೆಂಚಿನ ಮನೆ, ಹಿತ್ತಲಲ್ಲಿ ನಾಲ್ಕು ಸಾಲು ಕಾಫಿ ಗಿಡ, ಅಷ್ಟೇ. ತಾತ ಕಂಪನಿ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡಿ, ಆಮೇಲೆ ಎರಡು ಮೂಕಿ ಚಿತ್ರಗಳಲ್ಲಿ ರಾಣಿಯಾಗಿದ್ದವರು. ಅಪ್ಪ ಕರೆ ಬಂದಾಗಲೆಲ್ಲ ಮದರಾಸಿಗೆ ಹೋಗಿ ನಾಯಕನ ಕೈಲಿ ಒದೆ ತಿಂದು ಬರುತ್ತಿದ್ದರು. ನಾನು ಐದನೆಯ ವಯಸ್ಸಿನಲ್ಲಿ ನಾಯಕಿಯ ಬಾಲ್ಯವಾಗಿ ಎರಡು ನಿಮಿಷ ಅತ್ತಿದ್ದೆ. ಅಲ್ಲಿಗೆ ನನ್ನ ಕಲಾಸೇವೆ ಮುಗಿಯಿತು.

ಅಮ್ಮ ನಾನು ಮಗುವಾಗಿದ್ದಾಗಲೇ ತೀರಿಕೊಂಡಿದ್ದಳು. ಜಡೆ ಹಾಕುವುದು, ಸೀರೆಯ ನೆರಿಗೆ ಹಿಡಿಯುವುದು, ಎಲ್ಲ ತಾತನೇ ಕಲಿಸಿದ್ದು. ಹೆಣ್ಣಿನ ನಡಿಗೆಯನ್ನು ಕಾಫಿ ಒಣಗಿಸುವ ಕಣದಲ್ಲಿ ಅಡ್ಡಪಂಚೆಯಲ್ಲೇ ನಡೆದು ತೋರಿಸುತ್ತಿದ್ದರು. ಅಪ್ಪನ ಕಣ್ಣಿಗೆ ಬಿದ್ದರೆ ಮುಗಿಯಿತು, ಸಿಡಿಮಿಡಿ. ಸಿನಿಮಾದಲ್ಲಿ ಒದೆ ತಿನ್ನುವ ಅಪ್ಪನ ಮೀಸೆಗೆ ಊರು ನಮಸ್ಕಾರ ಹೊಡೆಯುತ್ತಿತ್ತು, ಸೀರೆ ಉಟ್ಟ ಅವರ ತಂದೆಯ ಮಾತೆತ್ತಿದರೆ ನಗುತ್ತಿತ್ತು. ಆ ನಗು ಕೇಳಿಕೊಂಡೇ ಅಪ್ಪ ಬೆಳೆದವರು.

ಅರವತ್ತರ ದಶಕದ ಮೊದಲಲ್ಲಿ ಹೆತ್ತೂರು ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹಿಂದೆ ಎರಡು ಸಂಬಂಧ ತಾತನ ಸುದ್ದಿ ತಿಳಿದು ಮುರಿದಿದ್ದವು. "ಅಪ್ಪಯ್ಯ, ಈ ಸಲ ನೀನು ಅಡುಗೆಮನೆಯಿಂದ ಈಚೆಗೆ ಬರ್ಬ್ಯಾಡ" ಎಂದರು ಅಪ್ಪ. ತಾತ "ಆಯ್ತು ಬುಡಪ್ಪ" ಎಂದು ಒಲೆ ಮುಂದೆ ಕುಳಿತರು. ನನಗೆ ಅದು ಸರಿ ಕಾಣಲಿಲ್ಲ, ಆದರೂ ಲೋಟಗಳನ್ನು ತೊಳೆದು ತಟ್ಟೆಯಲ್ಲಿ ಜೋಡಿಸಿದೆ. ಮದುವೆ ನನಗೂ ಬೇಕಿತ್ತು.

ಕಾಫಿ ಲೋಟಗಳ ತಟ್ಟೆಯನ್ನು ಕೈಗೆ ಕೊಡುತ್ತಾ ತಾತ ಪಿಸುಗುಟ್ಟಿದರು. "ಲೋಟ ನೋಡ್ಕಂಡು ನಡೀಬ್ಯಾಡ, ಚೆಲ್ತದೆ. ಇಸ್ಕಳ್ಳೋರ ಕೈ ನೋಡು. ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲು, ಜನ ನೋಡ್ಲಿ."

ನಿಂತೆ. ಕತ್ತು ಒಂದಿಷ್ಟೇ ವಾಲಿಸಿ, ಬಲಗಾಲಿಟ್ಟು ದಾಟಿದೆ. ಹುಡುಗನ ಅಜ್ಜಿ ಲೋಟ ತೆಗೆದುಕೊಳ್ಳಲಿಲ್ಲ. "ಈ ನಡಿಗೆ ನಾನು ನೋಡಿವ್ನಿ. ಯಾರವ್ವ ಕಲಿಸ್ದೋರು?"

"ಅವ್ರಮ್ಮನ ಹಂಗೇ ನಡೀತಾಳೆ" ಎಂದು ಅಪ್ಪ ನಡುವೆ ಬಾಯಿ ಹಾಕಿದರು.

ನನಗೆ ಮುಖವೇ ನೆನಪಿಲ್ಲದ ಅಮ್ಮನ ಹೆಸರಿನಲ್ಲಿ ಆ ಸುಳ್ಳು ಕೇಳಿ ತಡೆಯಲಾಗಲಿಲ್ಲ. "ನಮ್ಮ ತಾತ ಕಲಿಸಿದ್ದು. ಒಳಗವ್ರೆ" ಎಂದುಬಿಟ್ಟೆ.

ಅಪ್ಪನ ಮುಖ ಇಳಿದುಹೋಯಿತು. ಅಜ್ಜಿ ಎದ್ದು ಸೀದಾ ಅಡುಗೆಮನೆ ಬಾಗಿಲಿಗೆ ಹೋಗಿ, ಹೊಗೆಯಲ್ಲಿ ಕೂತಿದ್ದ ತಾತನನ್ನು ದಿಟ್ಟಿಸಿದರು. "ಆಲೂರಿಗೆ ನಾಟಕದ ಕಂಪ್ನಿ ಬಂದಾಗ ನಾನು ಹೊಸ ಮದುವಣಗಿತ್ತಿ. ಅತ್ತೆ ಮುಂದೆ ಹೆಂಗೆ ನಡೀಬೇಕು ಅಂತ ತಿಳೀದೆ ಅಳ್ತಿದ್ದೆ. ನಿಮ್ಮನ್ನ ನೋಡಿ ಕಲ್ತೆ ಕಣ್ರೀ" ಎಂದರು. ತಾತ ಎದ್ದು ಕೈಮುಗಿದರು. ಕೈಯಲ್ಲಿ ಇನ್ನೂ ಮಸಿಬಟ್ಟೆ ಇತ್ತು.

ಸಂಬಂಧ ಕುದುರಿತು. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಮುನ್ನ ತಾಯಿ ಅವಳ ಮಡಿಲಿಗೆ ಅಕ್ಕಿ ತುಂಬಬೇಕು. ಮದುವೆಯ ದಿನ ದೂರದ ದೊಡ್ಡಮ್ಮ ಒಬ್ಬರು ಮುಂದೆ ಬಂದಾಗ ಅಜ್ಜಿ ತಡೆದರು. "ಸಾಕಿದೋರು ಇರುವಾಗ ಬ್ಯಾರೆಯೋರು ಯಾಕೆ?"

ತಾತ ಹಿಂಜರಿದು ಅಪ್ಪನ ಮುಖ ನೋಡಿದರು. ಅಪ್ಪ ಅಕ್ಕಿಯ ಮೊರವನ್ನು ತಾವೇ ಎತ್ತಿಕೊಂಡು "ತುಂಬು ಅಪ್ಪಯ್ಯ" ಎಂದರು. ನೆರೆದವರೆಲ್ಲ ನೋಡುತ್ತಿದ್ದರು. ತಾತ ತುಂಬಿ ಮುಗಿಸುವವರೆಗೂ ಅಪ್ಪ ಮೊರ ಹಿಡಿದು ಪಕ್ಕದಲ್ಲೇ ನಿಂತಿದ್ದರು.