ಗ್ಲೌಸ್ ಹಾಕಿದ ಸಿಸ್ಟರ್‌ಗೆ ಭಂಡಾರ

ಗೆಳೆಯರೇ, ನಾನು ವಾರ್ಡ್ ಬಾಯ್ ಆಗಿರುವ ರಾಯಚೂರಿನ ಆಸ್ಪತ್ರೆಯ ಕ್ಯಾನ್ಸರ್ ಕೀಮೋ ವಾರ್ಡಿನಲ್ಲಿ ಇವತ್ತು ಒಬ್ಬ ಅಜ್ಜಿ ಸಿಟ್ಟಾಗಿ ಎದ್ದು ಹೊರಟೇಬಿಟ್ಟಿದ್ದಳು. ನೀರಮಾನ್ವಿ ಎಲ್ಲಮ್ಮನ ಗುಡಿಯ ಅರಿಶಿನ ಪುಡಿ, ಭಂಡಾರ ತಂದಿದ್ದ ಆಕೆ, ಔಷಧಿಯ ಸಲೈನ್ ಹಚ್ಚಲು ಬಂದ ಸಿಸ್ಟರ್ ಹಣೆಗೆ ಇಡಲು ಕೈ ಚಾಚಿದಳು. ಗೌನು, ಮಾಸ್ಕು, ಎರಡೆರಡು ಗ್ಲೌಸ್ ಹಾಕಿದ್ದ ಸಿಸ್ಟರ್ ಹಿಂದೆ ಸರಿದರು.

"ನಾ ಮುಟ್ಟಿದ್ರ ಮೈಲಿಗಿ ಆಗ್ತದೇನು? ನಿನ್ನ ಔಷಧಿನೂ ಬ್ಯಾಡ, ನಾ ಮನಿಗೆ ಹೋಗ್ತೀನಿ."

"ನಿಮ್ಮಿಂದ ಅಲ್ರೀ ಯವ್ವಾ. ಈ ಔಷಧಿ ನಿಮ್ಮ ರೋಗಕ್ಕ ಬೇಕು, ದಿನಾ ಹಿಡಿಯೋ ನಮಗ ಮೈಗೆ ತಾಗಿದ್ರ ತ್ರಾಸು. ಇದನ್ನ ಹಚ್ಚಿ, ಗ್ಲೌಸ್ ತಗದು, ಕೈ ತೊಳಕೊಂಡು ಬರ್ತೀನಿ. ಆಗ ಇಡ್ರಿ."

ಅಜ್ಜಿ ಮತ್ತೆ ಮಲಗಿ ಕೈ ಕೊಟ್ಟಳು. ಔಷಧಿ ಹನಿಯತೊಡಗಿತು. ಸಿಸ್ಟರ್ ಹೇಳಿದಂತೆಯೇ ಕೈ ತೊಳೆದು ಬಂದು ಹಣೆ ಬಾಗಿಸಿದರು; ಅಜ್ಜಿ ಭಂಡಾರ ಇಟ್ಟಳು.

ಅಷ್ಟರಲ್ಲಿ ನಾನು ಖಾಲಿ ಔಷಧಿ ಬಾಟಲಿಗಳ ಚೀಲ ಎತ್ತಲು ಬರಿಗೈಯಲ್ಲಿ ಬಗ್ಗಿದ್ದೆ.

"ಲೇ ತಮ್ಮಾ, ನಿನ್ನ ಗ್ಲೌಸ್ ಎಲ್ಲಿ? ಆಕಿ ಹೇಳಿದ್ದು ಕೇಳಲಿಲ್ಲೇನು?" ಅಜ್ಜಿ ಗದರಿದಳು.

ತೆಪ್ಪಗೆ ಹೋಗಿ ಹಾಕಿಕೊಂಡು ಬಂದೆ. ಸಿಸ್ಟರ್ ಮಾಸ್ಕಿನೊಳಗೇ ನಕ್ಕರು. ಸಲೈನ್ ಮುಗಿಯುವ ತನಕ ಅಜ್ಜಿ ಕಣ್ಣು ಮುಚ್ಚಲಿಲ್ಲ, ನನ್ನ ಕೈಗಳನ್ನೇ ಕಾಯುತ್ತಿದ್ದಳು.