ಹಾಲಿನದೇ ಎಂದಿದ್ದೆ

ಗಿರಿಜಾ, ನಿನ್ನ ಮಗಳ ನಾಲಿಗೆಯ ಮೇಲಿದ್ದದ್ದು ಹಾಲಲ್ಲ ಎಂದು ನನಗೆ ಆ ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ — ನಿನ್ನ ಮೇಲಿನ ಸೇಡಿಗೆ.

ಟಿ.ಬಿ. ಡ್ಯಾಮಿನ ನಮ್ಮ ಕ್ವಾರ್ಟರ್ಸಿನಲ್ಲಿ ಚಿನ್ನಿಯನ್ನು ತೊಟ್ಟಿಲಿಗೆ ಹಾಕಿದ ದಿನ ನೆನಪಿದೆಯೇ? ಹಿರಿಸೊಸೆ ನಾನು, ಮಕ್ಕಳಾಗದವಳು, ಕೂಸಿಗೆ ಕೈ ಚಾಚಿದೆ. ಕಿರಿಸೊಸೆ ನೀನು ಅಷ್ಟೂ ಹೆಂಗಸರ ಮುಂದೆ ಎಷ್ಟು ಮರ್ಯಾದೆಯಿಂದ ಹೇಳಿದೆ — "ಅಕ್ಕಾ, ನೀವು ಮುಟ್ಟಬ್ಯಾಡ್ರಿ. ಮಕ್ಕಳಾದೋರು ಹಾಕ್ತಾರ." ನಾನು ಕುಂಕುಮದ ಬಟ್ಟಲು ಹಿಡಿದು ಗೋಡೆಗೆ ಸರಿದು ನಿಂತೆ. ಆ ಮರ್ಯಾದೆ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಚಿನ್ನಿಗೆ ಮೂರು ತುಂಬುವಷ್ಟರಲ್ಲಿ ರಕ್ತದ ಕ್ಯಾನ್ಸರ್. ಔಷಧಿಗೆ ಕೂದಲು ಹೋಯಿತು, ರೋಗ ತಡೆಯುವ ಶಕ್ತಿಯೂ ಹೋಯಿತು. ಒಂದು ಬೆಳಿಗ್ಗೆ ಗಂಜಿ ಉಗುಳಿದಳು, ಬಾಯೊಳಗೆಲ್ಲ ಬೆಳ್ಳಗೆ. ಹೊಸಪೇಟೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದವಳೆಂದು ನೀನು ನನ್ನನ್ನೇ ಕರೆದೆ.

"ಹಾಲು ಕುಂತೈತೇನ್ರೀ ಅಕ್ಕಾ? ಜೇನು, ಬಿಳಿಗಾರ ಹಚ್ಚಲೇನು?"

ನಾನು ಬಟ್ಟೆಯಿಂದ ಒರೆಸಿದೆ. ಹಾಲಾಗಿದ್ದರೆ ಸುಮ್ಮನೆ ಹೋಗುತ್ತಿತ್ತು. ಇದರ ಕೆಳಗೆ ಕೆಂಪಗೆ ರಕ್ತ ಜಿನುಗಿತು. ಬೂಷ್ಟಿನ ಸೋಂಕು. ಇಂಥ ಮಕ್ಕಳಲ್ಲಿ ಕಂಡರೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕೆಂದು ನಮ್ಮ ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಆದರೆ ನನಗೆ ತೊಟ್ಟಿಲು ನೆನಪಾಯಿತು — ಈಗ ಮಾತ್ರ ನಾನು ಮುಟ್ಟಬಹುದೇನು...

"ಹಾಲಿಂದೇ ಐತೆ, ಹಚ್ಚು" ಎಂದು ಹೇಳಿ ಬಸ್ಸು ಹಿಡಿದೆ.

ನಾಲ್ಕನೇ ದಿನ ಅವಳಿಗೆ ಎಂಜಲು ನುಂಗಲೂ ಆಗಲಿಲ್ಲ. ಸೋಂಕು ಗಂಟಲಿಗಿಳಿದಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದರು, ಕ್ಯಾನ್ಸರಿನ ಔಷಧಿ ನಿಲ್ಲಿಸಿದರು. "ಬರೀ ಹಾಲಿತ್ತು, ನನ್ನ ಕೈಯಾರೆ ಹಚ್ಚಿ ಕೆಡಿಸಿದೆ" ಎಂದು ನೀನು ಗೋಡೆಗೆ ತಲೆ ಚಚ್ಚಿಕೊಂಡೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ತೃಪ್ತಿಯಾಯಿತು — ಹೌದು, ತೃಪ್ತಿಯೇ. ಅದು ಎಷ್ಟು ಹೊತ್ತು ಉಳಿಯಿತೆಂದರೆ, ಚಿನ್ನಿ ನನ್ನನ್ನು ಕಂಡು, ಒರೆಸಲಿ ಎಂದು ಬಾಯಿ ತೆರೆಯುವವರೆಗೆ.

ಅವಳು ಉಳಿದಳು. ಈಗ ಅವಳಿಗೆ ಎಂಟು ವರ್ಷ. ದಿನಾ ಬೆಳಿಗ್ಗೆ ಅವಳನ್ನು ನನ್ನ ಮುಂದೆ ಕೂರಿಸುತ್ತೀಯ — "ಬಾಯಿ ನೀವ ನೋಡ್ರಿ ಅಕ್ಕಾ, ನನ್ನ ಕೈ ನಾ ನಂಬಂಗಿಲ್ಲ." ಐದು ವರ್ಷ ಈ ಮಾತು ಕೇಳಿಸಿಕೊಂಡು ಸುಮ್ಮನಿದ್ದೆ. ಅದೂ ಸೇಡೇ.

ತೊಟ್ಟಿಲ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ. ನೀನೂ ನನ್ನನ್ನು ಕ್ಷಮಿಸಬೇಡ. ನಾಳೆಯಿಂದ ಅವಳ ಬಾಯಿ ನೀನೇ ನೋಡು, ಗಿರಿಜಾ. ಕೆಡಿಸಿದ್ದು ನಿನ್ನ ಕೈಯಲ್ಲ.